ಧ್ಯಾನಕ್ಕೆ ಕುಳಿತವರನ್ನು ಪರೀಕ್ಷೆಗೆ ಕೂರಿಸಬೇಡಿ

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿರುವ ಓದುಗರೊಬ್ಬರ ಪತ್ರ: “ನಿಮ್ಮ ಪತ್ರಿಕೆಯ ಧ್ಯಾನದ ಲೇಖನ ಓದಿದಂದಿನಿಂದ ಮನೆಯವರು ನನ್ನನ್ನು ದಿನವೂ ಧ್ಯಾನಕ್ಕೆ ಕೂರಿಸುತ್ತಿದ್ದಾರೆ. ಮನಸ್ಸು ಶಾಂತವಾಗಿದ್ದರೆ ಕಾಯಿಲೆ ಮರಳಿ ಬಾರದು ಎನ್ನುತ್ತಾರೆ. ಕಣ್ಣು ಮುಚ್ಚಿದರೆ ನನಗೆ ಮುಂದಿನ ಸ್ಕ್ಯಾನ್‌ನದೇ ಯೋಚನೆ. ನನ್ನಿಂದಾಗದು, ಬಿಟ್ಟುಬಿಡಲೇ?”

ಮಾನ್ಯರೇ, ನಿಮ್ಮ ಮನೆಯವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಅವರೂ ನಿಮ್ಮಷ್ಟೇ ಹೆದರಿದ್ದಾರೆ. ಆದರೆ ಧ್ಯಾನ ಮಾಡಿದರೆ ಕ್ಯಾನ್ಸರ್ ಮರುಕಳಿಸುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ, ನಮ್ಮ ಲೇಖನದಲ್ಲಿ ಹಾಗೆಂದು ಒಂದು ಸಾಲೂ ಇರಲಿಲ್ಲ. ಆ ಮಾತಿನ ಬೆನ್ನಿಗೇ ಒಂದು ಕ್ರೌರ್ಯವೂ ಅಡಗಿದೆ: ನಾಳೆ ಕಾಯಿಲೆ ಮರಳಿದರೆ, ತಪ್ಪು ಸರಿಯಾಗಿ ಕಣ್ಣು ಮುಚ್ಚದ ನಿಮ್ಮದೇ ಆಗಿಬಿಡುತ್ತದೆ.

ಕೆನಡಾದ ಕ್ಯಾಲ್ಗರಿಯ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. 90 ಮಂದಿ ಕ್ಯಾನ್ಸರ್ ರೋಗಿಗಳ ಪೈಕಿ ಏಳು ವಾರಗಳ ಧ್ಯಾನ ತರಗತಿಗೆ ಸೇರಿದವರಲ್ಲಿ ಮನಸ್ಸಿನ ಕ್ಷೋಭೆಯ ಅಂಕ ಶೇ. 65ರಷ್ಟು ಇಳಿದಿತ್ತು. ಗಮನಿಸಿ, ಅಲ್ಲಿ ಅಳೆದದ್ದು ಮನಸ್ಸಿನ ಕ್ಷೋಭೆಯನ್ನು ಮತ್ತು ಒತ್ತಡದ ಲಕ್ಷಣಗಳನ್ನು. ಗಡ್ಡೆಯ ಗೊಡವೆಗೆ ಯಾರೂ ಹೋಗಲಿಲ್ಲ. 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಈ ಬಗೆಯ ತರಬೇತಿಯನ್ನು ಆರಂಭಿಸಿದ್ದೂ ದೀರ್ಘಕಾಲದ ನೋವು, ಒತ್ತಡಗಳೊಂದಿಗೆ ಬಾಳಬೇಕಾದವರಿಗಾಗಿಯೇ. ಚಿಕಿತ್ಸೆಯನ್ನೇ ಬಿಟ್ಟು ಪರ್ಯಾಯ ಪದ್ಧತಿಗಳನ್ನಷ್ಟೇ ನಂಬಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟಿತ್ತೆಂದು 2018ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಶಾಂತಿಯನ್ನು ಔಷಧವೆಂದು ಮಾರುವವರು ಅದನ್ನು ಓದಿದಂತಿಲ್ಲ.

ಇನ್ನು ನಿಮ್ಮ ‘ನನ್ನಿಂದಾಗದು’ ಎಂಬ ಮಾತಿಗೆ ನನ್ನ ಸಣ್ಣ ಆಕ್ಷೇಪಣೆ ಇದೆ. ಸ್ಕ್ಯಾನ್‌ನ ಯೋಚನೆ ಬಂದದ್ದನ್ನು ಗುರುತಿಸಿ ಮತ್ತೆ ಉಸಿರಿನತ್ತ ಹೊರಳಿದಿರಾದರೆ ನೀವು ಧ್ಯಾನವನ್ನೇ ಮಾಡಿದಿರಿ; ಅಭ್ಯಾಸವೆಂದರೆ ಆ ಹೊರಳುವಿಕೆಯೇ. ಪಾದದಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಗಮನಿಸುತ್ತ ಹೋಗುವ ಕ್ರಮ ನಿಮಗೆ ಹಿಡಿಸದಿದ್ದರೆ ಆಶ್ಚರ್ಯವೇನಿಲ್ಲ. ಕೀಮೊ ಪಡೆದ ಎಷ್ಟೋ ಮಂದಿಯ ಕಾಲ್ಬೆರಳುಗಳು ತಿಂಗಳುಗಟ್ಟಲೆ ಜೋಮು ಹಿಡಿದಿರುತ್ತವೆ. ಎದೆಯ ಬಳಿ ಬಂದರೆ ಶಸ್ತ್ರಚಿಕಿತ್ಸೆಯ ಗಾಯದ ಬಿಗಿತ. ಅಲ್ಲೆಲ್ಲ ನಿಲ್ಲಲೇಬೇಕೆಂಬ ಕಟ್ಟಳೆಯಿಲ್ಲ. ಕಣ್ಣು ತೆರೆದಿಟ್ಟುಕೊಳ್ಳಿ, ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಿ. ಉಸಿರು ಬಿಡುವಾಗ ಎದೆಬಡಿತ ತುಸು ಇಳಿಯುವುದು ಶರೀರದ ಸಹಜ ಧರ್ಮ.

ಕರುಳಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ವೈದ್ಯರ ಕೋಣೆಯ ಹೊರಗೆ, ರಿಪೋರ್ಟಿನ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಸಿರೆಣಿಸುತ್ತಿದ್ದರು. “ಭಯ ಎಲ್ಲಿಗೂ ಹೋಗಲಿಲ್ಲ, ಜೊತೆಗೆ ಬಂದವಳ ಮೇಲೆ ರೇಗುವುದು ಮಾತ್ರ ನಿಂತಿತು” ಎಂದು ಪತ್ನಿಯ ಎದುರಿಗೇ ಹೇಳಿದ್ದರು. ಧ್ಯಾನದಿಂದ ಅಷ್ಟು ಸಿಕ್ಕಿದರೆ ಕಡಿಮೆಯೇನೂ ಅಲ್ಲ.

ನನ್ನ ನಿಜವಾದ ಸಿಟ್ಟು ಬೇರೆಡೆಗಿದೆ. ಸ್ವತಃ ಕ್ಯಾನ್ಸರ್‌ಗೆ ತುತ್ತಾಗಿದ್ದ ವೈದ್ಯ ಫಿಟ್ಜ್‌ಹ್ಯೂ ಮಲನ್ 1985ರಲ್ಲೇ ಬರೆದಿದ್ದರು: ಮುಳುಗುವವರನ್ನು ಮೇಲೆತ್ತುವ ಕಲೆಯನ್ನು ನಾವು ಚೆನ್ನಾಗಿ ಕಲಿತಿದ್ದೇವೆ, ಆಮೇಲೆ ಕೆಮ್ಮುತ್ತ ಏದುಸಿರು ಬಿಡುವ ಅವರನ್ನು ದಡದಲ್ಲೇ ಬಿಟ್ಟು ಹೋಗುತ್ತೇವೆ ಎಂದು. ಕೊನೆಯ ರೇಡಿಯೇಷನ್ ಮುಗಿದ ಮರುದಿನದಿಂದ ಆಸ್ಪತ್ರೆಗೆ ನೀವು ಬೇಡ. ನೆಂಟರಿಷ್ಟರಿಗೆ ನಿಮ್ಮ ನಗುಮುಖವಷ್ಟೇ ಬೇಕು. ದಣಿವು, ನಿದ್ದೆಗೇಡು, ಮರುಕಳಿಕೆಯ ಭೀತಿ, ಇವನ್ನೆಲ್ಲ ‘ಪಾಸಿಟಿವ್ ಆಗಿರಿ’ ಎಂಬ ಒಂದೇ ಮಾತಿನಿಂದ ತಳ್ಳಿಹಾಕುವುದು ಎಲ್ಲರಿಗೂ ಸುಲಭ, ಖರ್ಚೂ ಇಲ್ಲ.

ಆದ್ದರಿಂದ ಬಿಡಬೇಕೆನಿಸಿದರೆ ಬಿಡಿ, ಯಾರ ಅಪ್ಪಣೆಯೂ ಬೇಕಿಲ್ಲ. ಕುಳಿತಾಗಲೆಲ್ಲ ಆತಂಕ ಏರುತ್ತಿದ್ದರೆ ಖಂಡಿತ ನಿಲ್ಲಿಸಿ, ವೈದ್ಯರಿಗೆ ತಿಳಿಸಿ, ಕೆಲವರಿಗೆ ಹಾಗಾಗುವುದುಂಟು. ನಿದ್ದೆಯೇ ಮುಖ್ಯ ತೊಂದರೆಯಾದರೆ, ನಿದ್ರಾಹೀನತೆಗೆಂದೇ ರೂಪಿಸಿದ ಅರಿವಿನ ವರ್ತನಾ ಚಿಕಿತ್ಸೆ (ನಿದ್ದೆ ಕೆಡಿಸುವ ಯೋಚನೆ, ರೂಢಿಗಳನ್ನು ತಿದ್ದುವ ಚಿಕಿತ್ಸೆ) ಧ್ಯಾನಕ್ಕಿಂತ ಬೇಗ ಫಲ ಕೊಡುತ್ತದೆಂದು, ಧ್ಯಾನದ ಫಲ ತಿಂಗಳುಗಳ ಬಳಿಕ ಅದಕ್ಕೆ ಸಮೀಪಿಸುತ್ತದೆಂದು 2014ರಲ್ಲಿ ಪ್ರಕಟವಾದ ಇನ್ನೊಂದು ಕೆನಡಾ ಅಧ್ಯಯನ ಕಂಡುಕೊಂಡಿದೆ. ಆ ಚಿಕಿತ್ಸೆ ನೀಡುವವರು ನಿಮ್ಮ ಆಸ್ಪತ್ರೆಯಲ್ಲಿದ್ದಾರೆಯೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ. ಇಲ್ಲವೆಂದರೆ, ಏಕಿಲ್ಲ ಎಂದೂ ಕೇಳಿ.

– ಸಂಪಾದಕ