ಸಂಪಾದಕರ ಉತ್ತರ: ಅದು ಮ್ಯಾಂಗನೀಸ್ ಅಲ್ಲ

ತೀರ್ಥಹಳ್ಳಿಯ ಪಿಯುಸಿ ವಿದ್ಯಾರ್ಥಿನಿಯೊಬ್ಬರು ಬರೆದ ಕಾಗದದ ಸಾರ ಇಷ್ಟು: ಲ್ಯಾಬಿನಲ್ಲಿ ಹೆಸರು ಹೇಳದೆ ಒಂದು ಲೋಹದ ಚೂರು ಕೊಟ್ಟರು. ತೂಕ 0.100 ಗ್ರಾಂ. ಅದನ್ನು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಪೂರ್ತಿ ಕರಗಿಸಿದೆ. ನೀರು ತುಂಬಿದ ಕೊಳವೆಯನ್ನು ಬೋರಲು ಹಾಕಿ ಹೈಡ್ರೋಜನ್ ಹಿಡಿದಾಗ 41.5 ಮಿಲಿಲೀಟರ್ ಸಿಕ್ಕಿತು. ನೀರು 24 ಡಿಗ್ರಿ ಇತ್ತು. ಲೆಕ್ಕ ಹಾಕಿದರೆ ಮೋಲಾರ್ ರಾಶಿ, ಅಂದರೆ ಒಂದು ಮೋಲ್ (ಪರಮಾಣುಗಳ ಒಂದು ನಿಗದಿತ ಎಣಿಕೆ) ಲೋಹದ ಗ್ರಾಂ ತೂಕ, 54 ಬಂತು. ಮ್ಯಾಂಗನೀಸ್ 54.9 ಅಲ್ವಾ, ನಮ್ಮ ಕುಂಸಿಯಲ್ಲೇ ಅದರ ಗಣಿಯೂ ಇದೆ ಅಂತ ಮ್ಯಾಂಗನೀಸ್ ಎಂದೇ ಬರೆದೆ. ಲೆಕ್ಚರರ್ ಕೆಂಪು ಶಾಯಿಯಲ್ಲಿ ‘ಸತು’ ಎಂದು ಗೀಚಿ ವಾಪಸ್ ಕೊಟ್ಟರು. ಯಾರು ಸರಿ? ಇನ್ನೊಂದು ಪ್ರಶ್ನೆ: ಲೋಹ ಯಾವುದೆಂದೇ ಗೊತ್ತಿಲ್ಲದಾಗ ಒಂದು ಪರಮಾಣುವಿಗೆ ಎರಡು ಅಣು ಆಸಿಡ್ ಅಂತ ಮೊದಲೇ ಬರೆಯೋದು ಹೇಗೆ?

ಲೆಕ್ಚರರ್ ಸರಿ. ಆದರೆ ಕಾರಣ ಹೇಳದೆ ಬರೀ ಕೆಂಪು ಗೀಟು ಎಳೆದದ್ದು ನನಗೂ ಹಿಡಿಸಲಿಲ್ಲ. ನಿಮ್ಮ ತೂಕ, ಅಳತೆ ಎರಡೂ ಚೆನ್ನಾಗಿವೆ. ಎಡವಿರುವುದು ಒಂದೇ ಕಡೆ. 41.5 ಅನ್ನು ಸೀದಾ 22,400ರಿಂದ ಭಾಗಿಸಿಬಿಟ್ಟಿದ್ದೀರಿ. ಒಂದು ಮೋಲ್ ಅನಿಲಕ್ಕೆ 22,400 ಮಿಲಿಲೀಟರ್ ಅನ್ನುವುದು ಸೊನ್ನೆ ಡಿಗ್ರಿಯಲ್ಲಿ, 760 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಮಾತ್ರ. ನಿಮ್ಮ ಲ್ಯಾಬಿನಲ್ಲಿ ಇವೆರಡೂ ಇರಲಿಲ್ಲ.

ತೀರ್ಥಹಳ್ಳಿ ಸಮುದ್ರಮಟ್ಟಕ್ಕಿಂತ ಹತ್ತಿರ ಹತ್ತಿರ 600 ಮೀಟರ್ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 707 ಮಿಲಿಮೀಟರ್. ಅದೂ ಪೂರ್ತಿ ಹೈಡ್ರೋಜನ್ನಿನದಲ್ಲ. ನೀರಿನ ಮೇಲೆ ಹಿಡಿದ ಅನಿಲದಲ್ಲಿ ನೀರಾವಿಯೂ ಸೇರಿರುತ್ತದೆ. 24 ಡಿಗ್ರಿಯಲ್ಲಿ ಅದರ ಪಾಲು 22 ಮಿಲಿಮೀಟರ್. ಅದನ್ನು ಕಳೆದರೆ ಹೈಡ್ರೋಜನ್ನಿಗೆ ಉಳಿಯುವುದು 685.

ಈಗ ಮತ್ತೆ ಲೆಕ್ಕ ಮಾಡೋಣ. ಸೊನ್ನೆ ಡಿಗ್ರಿ ಅಂದರೆ 273 ಕೆಲ್ವಿನ್, 24 ಡಿಗ್ರಿ ಅಂದರೆ 297. 41.5 ಅನ್ನು 273ರಿಂದ ಗುಣಿಸಿ 297ರಿಂದ ಭಾಗಿಸಿದರೆ 38.1. ಅದನ್ನು 685ರಿಂದ ಗುಣಿಸಿ 760ರಿಂದ ಭಾಗಿಸಿದರೆ 34.4. ನಿಮಗೆ ನಿಜವಾಗಿ ಸಿಕ್ಕಿದ ಹೈಡ್ರೋಜನ್ ಇಷ್ಟೇ. ಇದನ್ನು 22,400ರಿಂದ ಭಾಗಿಸಿ, ಬಂದ ಮೋಲ್‌ಗಳಿಂದ 0.100 ಗ್ರಾಂ ಅನ್ನು ಭಾಗಿಸಿ. ಉತ್ತರ 65.1. ಸತುವಿನದು 65.4.

ಒಂದು ತಮಾಷೆ ನೋಡಿ. ಇದೇ ಚೂರು ಹಿಡಿದು ಆಗುಂಬೆ ಘಾಟಿ ಇಳಿದು ಉಡುಪಿಯಲ್ಲಿ ಪ್ರಯೋಗ ಮಾಡಿದ್ದರೆ, ನೀರು ಅಷ್ಟೇ ಬೆಚ್ಚಗಿದ್ದರೂ, ಅನಿಲ 38.5 ಮಿಲಿಲೀಟರ್ ಬರುತ್ತಿತ್ತು. ನಿಮ್ಮ ಹಳೇ ಲೆಕ್ಕದಲ್ಲಿ ಮೋಲಾರ್ ರಾಶಿ 58.2. ಆಗ ನಿಕಲ್ ಎಂದು ಬರೆಯುತ್ತಿದ್ದಿರೇನೋ!

ಕುಂಸಿಯ ವಿಷಯಕ್ಕೆ ಬರೋಣ. ಅಲ್ಲಿ ಸಿಗುವುದು ಮ್ಯಾಂಗನೀಸ್ ಅದಿರು, ಕಪ್ಪು ಕಲ್ಲು. ಅದು ಲೋಹವಲ್ಲ. ಗಣಿ ಹತ್ತಿರ ಇದೆ ಅಂತ ಲ್ಯಾಬಿನ ಚೂರಿಗೆ ಊರಿನ ಹೆಸರಿಡಲು ಬರುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆ ನನಗೆ ಜಾಸ್ತಿ ಇಷ್ಟವಾಯಿತು. ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ, ಸುಮ್ನೆ ಎರಡು ಎಂದು ಬರೆದು ಮುಂದೆ ಹೋಗುತ್ತಾರೆ. ಹೈಡ್ರೋಜನ್ ಅಳೆದು ನಿಮಗೆ ನಿಜವಾಗಿ ಗೊತ್ತಾಗುವುದು ಈಕ್ವಿವಲೆಂಟ್ ತೂಕ ಮಾತ್ರ, ಅಂದರೆ ಒಂದು ಗ್ರಾಂ ಹೈಡ್ರೋಜನ್ ಬಿಡಿಸಲು ಎಷ್ಟು ಗ್ರಾಂ ಲೋಹ ಬೇಕು ಎನ್ನುವುದು. ನಿಮ್ಮ ಚೂರಿಗೆ ಅದು 32.6ರ ಆಸುಪಾಸು. ವೇಲೆನ್ಸಿ, ಅಂದರೆ ಲೋಹದ ಒಂದು ಪರಮಾಣು ಬಿಡಿಸುವ ಹೈಡ್ರೋಜನ್ ಪರಮಾಣುಗಳ ಸಂಖ್ಯೆ, ಒಂದಾದರೆ ಮೋಲಾರ್ ರಾಶಿ 32.6, ಎರಡಾದರೆ 65, ಮೂರಾದರೆ 98. ಇದರಲ್ಲಿ ಯಾವುದು ಎಂದು ಕೊಳವೆ ಹೇಳುವುದಿಲ್ಲ.

ಹತ್ತೊಂಬತ್ತನೇ ಶತಮಾನದ ರಸಾಯನ ವಿಜ್ಞಾನಿಗಳೂ ಇಲ್ಲೇ ಸಿಕ್ಕಿಬಿದ್ದಿದ್ದರು. 1863ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಇಂಡಿಯಂ ಲೋಹ ಸಿಕ್ಕಿತು. ಈಕ್ವಿವಲೆಂಟ್ ತೂಕ ಸುಮಾರು 38. ಸತುವಿನ ಅದಿರಿನಲ್ಲಿ ಸಿಕ್ಕಿತಲ್ಲ, ಇದರ ವೇಲೆನ್ಸಿಯೂ ಎರಡೇ ಇರಬೇಕು ಎಂದುಕೊಂಡು 76 ಎಂದರು. ನೀವು ಕುಂಸಿಯನ್ನು ನೆನೆದ ಹಾಗೇ ಇದೂ. ಮೂಲವಸ್ತುಗಳ ಆವರ್ತ ಕೋಷ್ಟಕ ರಚಿಸಿದ ಮೆಂಡಲೀವ್ ಒಪ್ಪಲಿಲ್ಲ. ಅವರ ಕೋಷ್ಟಕದಲ್ಲಿ 76ಕ್ಕೆ ಜಾಗವಿರಲಿಲ್ಲ; ಆರ್ಸೆನಿಕ್ 75, ಸೆಲೆನಿಯಂ 79, ನಡುವೆ ಖಾಲಿ ಇಲ್ಲ. ಮೂರರಿಂದ ಗುಣಿಸಿ 114 ಮಾಡಿದರೆ ಕ್ಯಾಡ್ಮಿಯಂ, ತವರಗಳ ನಡುವೆ ಸರಿಯಾಗಿ ಕೂರುತ್ತಿತ್ತು. ಜರ್ಮನಿಯ ರಸಾಯನ ವಿಜ್ಞಾನಿ ಬುನ್ಸೆನ್ ಇಂಡಿಯಂನ ವಿಶಿಷ್ಟೋಷ್ಣ (ಒಂದು ಗ್ರಾಂ ವಸ್ತುವನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖ) ಅಳೆದದ್ದೂ ಇದಕ್ಕೇ ಹೊಂದಿತು.

ನಿಮಗೂ ಅದೇ ದಾರಿ ಇದೆ. 1819ರಲ್ಲಿ ಡ್ಯೂಲಾಂಗ್ ಮತ್ತು ಪೆಟಿ ಕಂಡದ್ದೇನೆಂದರೆ, ಹೆಚ್ಚಿನ ಲೋಹಗಳಲ್ಲಿ ಪರಮಾಣು ತೂಕವನ್ನು ವಿಶಿಷ್ಟೋಷ್ಣದಿಂದ ಗುಣಿಸಿದರೆ ಒಂದೇ ಸಂಖ್ಯೆ ಬರುತ್ತದೆ, ಇಂದಿನ ಅಳತೆಯಲ್ಲಿ ಸುಮಾರು 25 ಜೂಲ್. ಲ್ಯಾಬಿನಲ್ಲಿ ಅದೇ ಲೋಹದ ದೊಡ್ಡ ತುಂಡು ಇದ್ದರೆ ಕುದಿಯುವ ನೀರಿನಲ್ಲಿ ಬಿಸಿಮಾಡಿ, ತಣ್ಣೀರಿನ ಕ್ಯಾಲೊರಿಮೀಟರಿಗೆ ಹಾಕಿ ವಿಶಿಷ್ಟೋಷ್ಣ ಅಳೆಯಿರಿ. ಗ್ರಾಂಗೆ, ಡಿಗ್ರಿಗೆ 0.39 ಜೂಲ್ ಹತ್ತಿರ ಬಂದರೆ, 25 ಭಾಗಿಸು 0.39, ಅಂದರೆ 64. ಇದು ಒರಟು ಲೆಕ್ಕ, ಆದರೆ 32, 65, 98ರಲ್ಲಿ ಒಂದನ್ನು ಆರಿಸಲು ಇಷ್ಟು ಸಾಕು.

ಇಷ್ಟೆಲ್ಲ ಬೇಡ ಅಂದರೆ, ಚೂರು ಕರಗಿದ ದ್ರಾವಣವನ್ನು ಚೆಲ್ಲಿರದಿದ್ದರೆ, ಅದಕ್ಕೆ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿ ಹನಿಯಾಗಿ ಹಾಕಿ, ಕನ್ನಡಕ ಮರೆಯಬೇಡಿ. ಸತು, ಮ್ಯಾಂಗನೀಸ್ ಎರಡೂ ಮೊದಲು ಬಿಳಿಯಾಗಿ ಒಡೆಯುತ್ತವೆ. ಇನ್ನೂ ಹಾಕುತ್ತಾ ಹೋದರೆ ಸತುವಿನ ಬಿಳಿ ಕರಗಿ ನೀರು ತಿಳಿಯಾಗುತ್ತದೆ. ಮ್ಯಾಂಗನೀಸಿನದು ಕರಗದೆ ಗಾಳಿ ತಾಗಿ ಕಂದಾಗುತ್ತದೆ. ಕಂದು ಬಂದರೆ ಲೆಕ್ಚರರಿಗೆ ತೋರಿಸಿ, ನನಗೂ ಒಂದು ಕಾಗದ ಹಾಕಿ.