ಹಾರ್ಪ್ ಕಲಿತು ಕೊನೆಗೆ ಟೀಚರ್ ಆಗೋದೇನಾ?

ಪ್ರಶ್ನೆ: ಮಗಳಿಗೆ ಹದಿನೇಳು, ಹಾರ್ಪ್ (ಬೆರಳಲ್ಲಿ ಮೀಟೋ ದೊಡ್ಡ ಪಾಶ್ಚಾತ್ಯ ತಂತಿವಾದ್ಯ) ಕಲೀತಿದಾಳೆ, ಸಿಂಫನಿ ಆರ್ಕೆಸ್ಟ್ರಾದಲ್ಲೇ ನುಡಿಸ್ಬೇಕು ಅಂತ ಹಟ. ಗೊತ್ತಿರೋರೆಲ್ಲ "ಅದ್ರಲ್ಲಿ ಕೆಲಸ ಸಿಗಲ್ಲ, ಕೊನೆಗೆ ಪಾಠ ಹೇಳ್ಕೊಂಡು ಇರ್ಬೇಕು ಅಷ್ಟೇ" ಅಂತಾರೆ. ನಿಜಾನಾ ಮೇಡಂ?

ಉತ್ತರ: ಕೆಲಸ ಕಮ್ಮಿ ಅನ್ನೋದು ನಿಜ, ಮುಚ್ಚಿಡಲ್ಲ. ದೊಡ್ಡ ಆರ್ಕೆಸ್ಟ್ರಾದಲ್ಲಿ ವಯಲಿನ್‌ನೋರು ಸಾಲುಸಾಲಾಗಿ ಕೂತಿರ್ತಾರೆ, ಹಾರ್ಪ್‌ಗೆ ಸಾಮಾನ್ಯವಾಗಿ ಒಂದೇ ಜಾಗ, ಅಲ್ಲಿ ಕೂತವರು ಎಷ್ಟೋ ವರ್ಷ ಏಳಲ್ಲ. ಅದಕ್ಕೇ ಬಹಳ ಜನ ಕರೆದಾಗ ಹೋಗಿ ನುಡಿಸ್ತಾರೆ, ಉಳಿದ ದಿನ ಪಾಠ ಮಾಡ್ತಾರೆ.

ಆದ್ರೆ "ಪಾಠ ಅಷ್ಟೇ" ಅನ್ನೋ ಮಾತು ನಂಗೆ ಒಪ್ಪಿಗೆ ಇಲ್ಲ. ಕಾರ್ಲೋಸ್ ಸಾಲ್ಸೆಡೋ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾದಲ್ಲಿ ಹಾರ್ಪ್ ನುಡಿಸಿದೋರು, ಆಮೇಲೆ ಫಿಲಡೆಲ್ಫಿಯಾದ ಸಂಗೀತ ಶಾಲೆ ಕರ್ಟಿಸ್ ಇನ್‌ಸ್ಟಿಟ್ಯೂಟಲ್ಲಿ ಹಾರ್ಪ್ ವಿಭಾಗ ಕಟ್ಟಿದ್ರು, ಅಲ್ಲಿ ಅವರ ಹತ್ರ ಕಲಿತ ಎಡ್ನಾ ಫಿಲಿಪ್ಸ್ 1930ರಲ್ಲಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಸೇರಿದ್ರು, ಆ ಆರ್ಕೆಸ್ಟ್ರಾದ ಮೊದಲ ಮಹಿಳೆ ಅವರೇ. ಪಾಠದ ಕೋಣೆಯಿಂದಾನೇ ಹೋಗಿದ್ದಲ್ವಾ ಅವರು ಅಲ್ಲಿಗೆ?

ಈ ವಾದ್ಯ ಪುಸ್ತಕ ನೋಡ್ಕೊಂಡು ಬರೋದಲ್ಲ. 47 ತಂತಿ, ಕಿರುಬೆರಳು ಬಳಸೋ ಹಾಗಿಲ್ಲ, ಕೆಳಗೆ ತಂತಿಗಳ ಸ್ವರ ಅರ್ಧ ಮೆಟ್ಟಿಲು ಏರಿಸಿ ಇಳಿಸೋ ಏಳು ಪೆಡಲ್, ಒಂದೊಂದಕ್ಕೂ ಮೂರು ಸ್ಥಾನ, ಎಡಗಾಲಿಗೆ ಮೂರು ಬಲಗಾಲಿಗೆ ನಾಲ್ಕು, ಕೈ ನುಡಿಸ್ತಿರುವಾಗ್ಲೇ ಕಾಲು ಮುಂದಿನ ಸ್ವರ ರೆಡಿ ಮಾಡ್ಬೇಕು, ಒಂದ್ ಕ್ಷಣ ಬೇಗ ಒತ್ತಿದ್ರೂ ಇನ್ನೂ ಮೊಳಗ್ತಿರೋ ತಂತಿ ಕರಕರ ಅನ್ನತ್ತೆ. ಯಾವ ಬಾರ್‌ನಲ್ಲಿ (ತಾಳದ ಒಂದೊಂದು ಭಾಗದಲ್ಲಿ) ಯಾವ ಪೆಡಲ್ ಅಂತ ಸ್ವರ ಬರೆದ ಶೀಟ್ ಮೇಲೆ ಪೆನ್ಸಿಲಲ್ಲಿ ಗುರುತು ಹಾಕ್ಕೊಳ್ಳೋದನ್ನ ಪಕ್ಕದಲ್ಲಿ ಕೂತು ಒಬ್ಬರು ಹೇಳಿಕೊಡ್ಲೇಬೇಕು. ಆರ್ಕೆಸ್ಟ್ರಾದಲ್ಲಿ ಇನ್ನೊಂದು ಕಷ್ಟ, ಎಷ್ಟೋ ಹೊತ್ತು ಸುಮ್ನೆ ಬಾರ್ ಎಣಿಸ್ತಾ ಕೂತು ಆಮೇಲೆ ಒಂದೇ ಸಲಕ್ಕೆ ಸರಿಯಾಗಿ ಒಳಗೆ ಬರ್ಬೇಕು, ಇದನ್ನ ನುಡಿಸಿ ಗೊತ್ತಿರೋ ಟೀಚರ್ ಹೇಳೋದೇ ಬೇರೆ.



ಮಗಳಿಗೆ ಈಗಿಂದ್ಲೇ ಆಡಿಷನ್‌ನಲ್ಲಿ ಕೇಳೋ ಆರ್ಕೆಸ್ಟ್ರಾ ಭಾಗಗಳನ್ನ ಅಭ್ಯಾಸ ಮಾಡಿಸಿ, ಯೂತ್ ಆರ್ಕೆಸ್ಟ್ರಾ ಇದ್ರೆ ಸೇರ್ಸಿ. ಜೊತೆಗೆ ಅವಳ ಟೀಚರ್ ಒಪ್ಪಿದ್ರೆ ಲಿವರ್ ಹಾರ್ಪ್ (ಪೆಡಲ್ ಇಲ್ಲದ ಚಿಕ್ಕ ಹಾರ್ಪ್) ಶುರು ಮಾಡೋ ಒಂದು ಚಿಕ್ಕ ಮಗೂಗೆ ಅವಳೇ ಪಾಠ ಹೇಳ್ಲಿ, ಕೆಂಪು ತಂತಿ ಸಿ ಸ್ವರ, ಕಪ್ಪು ತಂತಿ ಎಫ್ ಸ್ವರ ಅನ್ನೋದ್ರಿಂದ ಶುರು ಮಾಡಿ.