ಸುಡು ಬಿಸಿಲಲ್ಲಿ ಆಣೆಕಲ್ಲು ಹೇಗೆ?

ಗದಗದಲ್ಲಿ ಏಪ್ರಿಲ್ ಬಿಸಿಲಿಗೇ ಆಣೆಕಲ್ಲು ಬೀಳುತ್ತದೆ, ಶ್ರಾವಣದ ತಂಪಿನಲ್ಲಿ ಯಾಕಿಲ್ಲ ಅಂತ ಕೇಳಿದ್ದೀರಿ. ಆ ಬಿಸಿಲೇ ಕಾರಣ ರೀ. ಕಾದ ಎರಿ ಹೊಲದ ಮೇಲಿನ ಗಾಳಿ ರಭಸದಿಂದ ಮೇಲೇರಿ 10-12 ಕಿ.ಮೀ. ಎತ್ತರದವರೆಗೂ ಮೋಡ ಕಟ್ಟುತ್ತದೆ. ಸುಮಾರು 5 ಕಿ.ಮೀ. ದಾಟಿದರೆ ಅಲ್ಲಿ ಸೊನ್ನೆ ಡಿಗ್ರಿಗಿಂತ ಕಡಿಮೆ. ಆದರೂ ಎಷ್ಟೋ ಹನಿಗಳು ನೀರಾಗಿಯೇ ತೇಲುತ್ತಿರುತ್ತವೆ. ಮಂಜುಗಡ್ಡೆಯ ಚೂರೊಂದು ತಾಗಿದರೆ ಸಾಕು, ಅದಕ್ಕೆ ಅಂಟಿ ಹೆಪ್ಪುಗಟ್ಟುತ್ತವೆ. ಮೇಲೇಳುವ ಗಾಳಿ ಹೊತ್ತುಕೊಂಡಿರುವ ತನಕ ಕಲ್ಲು ಬೆಳೆಯುತ್ತದೆ. ದೊಡ್ಡದೊಂದನ್ನು ಒಡೆದು ನೋಡಿ, ಉಳ್ಳಾಗಡ್ಡಿ ಹಾಗೆ ಪದರ ಪದರ ಕಾಣಬಹುದು. ಶ್ರಾವಣದ ಮೋಡ ಸಾಮಾನ್ಯವಾಗಿ ತಗ್ಗು, ಒಳಗಿನ ಗಾಳಿಗೆ ಅಷ್ಟು ಕಸುವಿಲ್ಲ. ಅದಕ್ಕೇ ಧಾರವಾಡದಲ್ಲಿ ಆಗ ದಿನವಿಡೀ ಸುಮ್ನೆ ಜಿಟಿಜಿಟಿ. ಬಟ್ಟೆ ಮಾತ್ರ ಒಣಗುವುದಿಲ್ಲ, ಅಲ್ವಾ?